ಗಗನನೌಕೆಯ ನಡುವೆ ಒಂದು ಶುಭಾಶಯ

"ಯಾರ್ರೀ ಇಲ್ಲಿ ಕೇಬಲ್‌ನೋರು? ನಾಚಿಕೆ ಆಗಲ್ವೇನ್ರೀ ನಿಮಗೆ?"

ಆಲ್ಕೊಳದ ಕೇಬಲ್ ಆಫೀಸಿನ ಬಾಗಿಲಲ್ಲಿ ನಿಂತ ತನುಜಾಳ ಮೂಗಿನ ತುದಿ ಕೆಂಪಾಗಿತ್ತು. ಒಳಗೆ ವೈರ್ ಸುತ್ತುತ್ತಿದ್ದ ರುದ್ರೇಶ್ ತಲೆಯೆತ್ತಿದ... ಅಷ್ಟೇ! ಇಳಿಸುವುದನ್ನೇ ಮರೆತ.

"ಏನಾಯ್ತು ಮೇಡಂ?"

"ಇಂಗ್ಲಿಷ್ ಧಾರಾವಾಹೀಲಿ ಮುನ್ನೂರು ವರ್ಷ ಆದ್ಮೇಲೂ ಆ ಗಗನನೌಕೆಯೋರು ಮೈಕೇಲ್ ಜಾಕ್ಸನ್ ಹೆಸರು ಹೇಳ್ತಾರೆ. ಸರಿಯಾಗಿ ಅಲ್ಲೇ ನಿಮ್ಮ ಸೀರೆ ಅಂಗಡಿ ಜಾಹೀರಾತು!"

"ಸೀರೆ ಅಂಗಡಿಯೋರ ದುಡ್ಡಿಂದಲೇ ಮಾರಾಯ್ರೆ, ನಿಮ್ಮ ನೌಕೆ ಹಾರೋದು!"

ಅವಳಿಗೆ ನಗು ಬಂತು. ಬರಬಾರದಿತ್ತು.

ಅದು 1998. ಆ ಇಂಗ್ಲಿಷ್ ಧಾರಾವಾಹಿಯಲ್ಲಿ ನಕ್ಷತ್ರಗಳ ನಡುವೆ ಅಲೆಯುವವರು ನಮ್ಮ ಕಾಲದ ಪಾಪ್ ಗಾಯಕರನ್ನು ನೆನೆಯುತ್ತಿದ್ದರು. ತನುಜಾಗೆ ಆ ಮಾತುಗಳೆಂದರೆ ಪ್ರಾಣ. ರುದ್ರೇಶ್ ಭಾನುವಾರ ಬೆಳಗಿನ ಪ್ರಸಾರ ನೋಡಿಕೊಂಡು, ಸಂಜೆಯ ಮರುಪ್ರಸಾರದಲ್ಲಿ ಆ ಮಾತುಗಳ ಜಾಗವನ್ನು ಬಿಟ್ಟು ಬೇರೆಡೆ ಜಾಹೀರಾತು ಹಾಕತೊಡಗಿದ. ಸವಳಂಗ ರಸ್ತೆಯ ಮನೆಯಲ್ಲಿ ಕುಳಿತವಳಿಗೆ ಅದು ತನಗಾಗಿಯೇ ಎಂದು ಗೊತ್ತಿತ್ತು. ಆದರೆ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಹಾಳು ಸಂಕೋಚ!

ಆಗಲೇ ವಿಜಯಕುಮಾರ್ ಎಂಬ ವರ ಬಂದು ಹೆಣ್ಣು ನೋಡಿಹೋದ. ತನುಜಾ ಇನ್ನೂ ಹೂಂ ಅಂದಿರಲಿಲ್ಲ. ಸೋದರಮಾವ ಷಡಕ್ಷರಪ್ಪನಿಗೆ ಕಾಯುವ ತಾಳ್ಮೆ ಎಲ್ಲಿ? ನೇರ ಕೇಬಲ್ ಆಫೀಸಿಗೇ ಹೋದ.

"ನಮ್ಮ ತನುಜಾ ನಿಶ್ಚಿತಾರ್ಥದ ಶುಭಾಶಯ ಟೀವೀಲಿ ಬರ್ಬೇಕಪ್ಪ. ಅವಳೇ ಹಾಕ್ಸಿ ಅಂದ್ಳು."

ಆ ಭಾನುವಾರ ಸಂಜೆ ನೌಕೆಯ ಕ್ಯಾಪ್ಟನ್ ಗಾಯಕಿ ಮಡೋನಾಳ ಹೆಸರೆತ್ತಿದ. ತಕ್ಷಣ ಪರದೆ ಬದಲಾಯಿತು. ಗುಲಾಬಿ ಹೂಗಳ ನಡುವೆ ತನುಜಾ–ವಿಜಯಕುಮಾರ್ ಎಂಬ ಹೆಸರುಗಳು, ಕೆಳಗೆ ಶುಭಾಶಯ!

'ಅಲ್ಲೇ ಹಾಕಿದ್ನಲ್ಲ... ಬೇಕಂತಲೇ ಹಾಕಿದ್ನಲ್ಲ!' ಎಂದುಕೊಂಡಳು ತನುಜಾ.

"ಊರೆಲ್ಲ ನೋಡಿದ್ಮೇಲೆ ಬೇಡ ಅಂದ್ರೆ ನಾವು ತಲೆ ಎತ್ಕೊಂಡು ಓಡಾಡೋದು ಹೇಗೆ?" ಎಂದು ಅಮ್ಮ ಅತ್ತಳು. ಇನ್ನು ಯಾರಿಗಾಗಿ ಬೇಡ ಅನ್ನುವುದು? ತನುಜಾ ಹೂಂ ಅಂದಳು.

ಆ ಮದುವೆ ಅವಳನ್ನು ಅರೆದು ಹಿಂಡಿ, ಕೊನೆಗೆ ಕೋರ್ಟಿನಲ್ಲಿ ಮುಗಿಯಿತು. 2005ರ ಒಂದು ಮಧ್ಯಾಹ್ನ ಅವಳು ಭದ್ರಾವತಿಯ ಬಸ್ಸು ಹತ್ತಿದಳು. ಕೇಬಲ್ ಬಿಟ್ಟು, ಮದುವೆಯೂ ಆಗದೆ, ಅಲ್ಲಿನ ಕಾಗದನಗರದಲ್ಲಿ ಟೀವಿ ರಿಪೇರಿ ಮಾಡಿಕೊಂಡಿದ್ದ ರುದ್ರೇಶನ ಎದುರು ನಿಂತಳು.

"ಅಲ್ಲೇ ಯಾಕೆ ಹಾಕಿದೆ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನಿನಗೆ ನೋವಾಗ್ಲಿ ಅಂತಲೇ. ನೀನು ಒಪ್ಪಿದೀಯ ಅಂತ ನಿಮ್ಮ ಮಾವ ಹೇಳಿದ್ರು. ಹೊಟ್ಟೆ ಉರೀತು... ಪ್ರೀತಿಸ್ತಿದ್ದೆ ಮಾರಾಯ್ತಿ!"

"ನಾನು ಒಪ್ಪಿರಲೇ ಇಲ್ಲ. ನೀನು ಹಾಕಿದ್ದು ನೋಡಿದ್ಮೇಲೆ ಒಪ್ಕೊಂಡೆ."

ರುದ್ರೇಶನ ಮುಖ ಬಿಳಿಚಿಕೊಂಡಿತು. ತನ್ನ ಕೈಯಾರೆ ಅವಳನ್ನು ಆ ಮನೆಗೆ ಕಳಿಸಿದ್ದು ತಾನೇ ಎಂದು ಅವನಿಗೆ ಆಗ ತಿಳಿಯಿತು.

"ಹಾಕೋ ಮುಂಚೆ ನನ್ನನ್ನೇ ಒಂದು ಮಾತು ಕೇಳ್ಬಾರದಿತ್ತಾ?"

"ಕೇಳ್ಬೇಕಿತ್ತು... ಈಗ ಕೇಳ್ತಿದೀನಿ. ನನ್ನ ಜೊತೆ ಬಾಳ್ತೀಯಾ ತನುಜಾ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ವರ್ಷಗಟ್ಟಲೆ ಹಂಬಲಿಸಿದ ಮಾತು ಬಂದಾಗ ಅದರಲ್ಲಿ ಸಿಹಿಯೇ ಉಳಿದಿರಲಿಲ್ಲ. ಆದರೂ ಅದು ಅವಳಿಗೆ ಬೇಕಿತ್ತು.

"ಬಾಳ್ತೀನಿ. ಆದ್ರೆ ಈ ಸಿಟ್ಟು ಹೋಗಲ್ಲ ರುದ್ರೇಶ್."

"ಹೋಗೋದು ಬೇಡ... ಅದನ್ನೂ ಕರ್ಕೊಂಡು ಬಾ."