ಉಜ್ಜಿ ಕೆಡಿಸಿದ ತಂತಿ

ಮೋಟಾರು ವೈಂಡಿಂಗ್ ಅಂಗಡಿಯವನು ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಬಾಯಿಗೆ ಬಂದ ಪುಡಿಯನ್ನು ಪಕ್ಕಕ್ಕೆ ಉಗಿದ.

ಎದುರು ನಿಂತಿದ್ದ ವಿಜ್ಞಾನದ ಟೀಚರ್ ಒಂದು ಹೆಜ್ಜೆ ಹಿಂದೆ ಸರಿದಳು.

'ಥೂ... ಇವನನ್ನೇ ಅಲ್ಲವೇ ಚಿಕ್ಕಮ್ಮ ನನಗೆ ಗಂಟು ಹಾಕಲು ಹೊರಟಿರುವುದು?'

ಸಂಬಂಧದ ಮಾತು ಬಂದು ಎರಡು ವಾರವಾಗಿತ್ತು. ನಾಳೆ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಆದರೆ ವಿದ್ಯುತ್ಕಾಂತದ ಪಾಠಕ್ಕೆ ತಾಮ್ರದ ತಂತಿ ಬೇಕು, ಮೋಟಾರು ಸುತ್ತುವ ಅಂಗಡಿ ಇರುವುದು ಇದೊಂದೇ. ಏನು ಮಾಡುತ್ತಾಳೆ, ಪಾಪ?

"ಎರಡೂ ತುದಿಯ ವಾರ್ನಿಷ್ ಬಿಡಿಸಿದ್ದೀನಿ ಟೀಚರ್. ಹಾಗೇ ಬೋಲ್ಟಿಗೆ ಸುತ್ತಿ ಸಾಕು."

ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದು ಮನೆಗೆ ತಂದಳು. ಸೋಪು ಹಾಕಿ ತೊಳೆದಳು. ಎಂಜಲು, ಗ್ರೀಸು, ವಾರ್ನಿಷ್ ನಾತ... ಮನಸ್ಸು ಒಪ್ಪಲಿಲ್ಲ. ಮರಳುಕಾಗದ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಉಜ್ಜಿದಳು. ತಂತಿ ಹೊಸ ಪಾತ್ರೆಯಂತೆ ಫಳಫಳ ಹೊಳೆಯಿತು.

ಮರುದಿನ ತರಗತಿಯಲ್ಲಿ ಬೋಲ್ಟಿಗೆ ಇಪ್ಪತ್ತು ಸುತ್ತು ಸುತ್ತಿ ಸೆಲ್ಲಿಗೆ ಜೋಡಿಸಿದಳು. ಎರಡು ಗುಂಡುಸೂಜಿ ಅಂಟಿದವು.

ನಲವತ್ತು ಸುತ್ತು. ಮತ್ತೆ ಅದೇ ಎರಡು.

"ಸುತ್ತು ಜಾಸ್ತಿ ಆದ್ರೆ ಬಲ ಜಾಸ್ತಿ ಅಂದ್ರಲ್ಲ ಮಿಸ್?"

ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. 'ಉತ್ತರಕ್ಕೆ ಕಾಯಿಸಿದ್ದಕ್ಕೆ ಕೆಟ್ಟ ತಂತಿ ಕೊಟ್ಟು ಸೇಡು ತೀರಿಸಿಕೊಂಡ...'

ಶಾಲೆ ಬಿಟ್ಟವಳೇ ನೇರ ಅಂಗಡಿಗೆ ಹೋಗಿ ತಂತಿಯನ್ನು ಮೇಜಿನ ಮೇಲೆ ಎಸೆದಳು.

"ನಿಮ್ಮ ಉತ್ತರ ತಂದಿದ್ದೀನಿ. ಮೊದಲು ಈ ಕಸ ವಾಪಸ್ ತಗೊಳ್ಳಿ."

ಅವನು ತಂತಿಯನ್ನು ಬೆಳಕಿಗೆ ಹಿಡಿದ. "ಇದನ್ನ ಯಾರು ಹೀಗೆ ಬೆತ್ತಲೆ ಮಾಡಿದ್ದು?"

"ಅಂದ್ರೆ?"

"ಮೈಮೇಲಿನ ವಾರ್ನಿಷ್ ಹೋಗಿದೆ ಟೀಚರ್. ಅದಿದ್ರೆ ಕರೆಂಟು ಒಂದೊಂದೇ ಸುತ್ತು ಹಾಕ್ಕೊಂಡು ಬರುತ್ತೆ. ಇಲ್ಲದಿದ್ರೆ ಪಕ್ಕದ ಸುತ್ತಿಗೆ ಹಾರಿ ಅಡ್ಡದಾರಿ ಹಿಡಿಯುತ್ತೆ. ನೂರು ಸುತ್ತಿದ್ರೂ ಅಷ್ಟೇ."

ಅಯ್ಯೋ... ಇದನ್ನೇ ಅಲ್ಲವೇ ಅವಳು ಹೋದ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ್ದು?

"ಯಾಕೆ ಉಜ್ಜಿದ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದಳು.

"ನಿಮ್ಮ ಎಂಜಲು... ಕೈ ಗ್ರೀಸು... ನಂಗೆ ಹೇಸಿಗೆ ಆಯ್ತು."

ಅವನು ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿ ಮೇಜಿನ ಕೆಳಗೆ ಇಳಿಸಿಕೊಂಡ.

ಅದನ್ನು ಕಂಡದ್ದೇ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಈ ಅಸಹ್ಯವನ್ನು ಉಜ್ಜಿ ತೆಗೆಯಲು ಯಾವ ಅಂಗಡಿಯಲ್ಲೂ ಮರಳುಕಾಗದ ಸಿಗುವುದಿಲ್ಲ.

ಅವನು ಹೊಸ ತಂತಿ ಕತ್ತರಿಸಿದ. ಬ್ಲೇಡಿನಿಂದ ತುದಿಗಳನ್ನಷ್ಟೇ ಕೆರೆದು, ಬೋಲ್ಟು, ಸೆಲ್ಲು, ಗುಂಡುಸೂಜಿ ಡಬ್ಬಿಯ ಜೊತೆ ಅವಳತ್ತ ಸರಿಸಿದ. "ನೀವೇ ಸುತ್ತಿ."

ಇಪ್ಪತ್ತು ಸುತ್ತಿಗೆ ಐದು ಸೂಜಿ. ನಲವತ್ತಕ್ಕೆ ಹನ್ನೊಂದು. ಇನ್ನೊಂದು ಸೆಲ್ಲು ಸೇರಿಸಿದಾಗ ಬೋಲ್ಟಿಗೆ ಗಡ್ಡ ಬಂದಂತೆ ಜೋತುಬಿದ್ದವು. ಬೋಲ್ಟು ತೆಗೆದು ಪೆನ್ಸಿಲ್ ಇಟ್ಟಳು, ಒಂದೂ ನಿಲ್ಲಲಿಲ್ಲ.

"ಕಬ್ಬಿಣವೇ ಬೇಕು," ಎಂದ. ಬಿದ್ದ ಸೂಜಿಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕುತ್ತ ಕೇಳಿದ, "ಉತ್ತರ ತಂದಿದ್ದೀನಿ ಅಂದ್ರಿ. ಹೇಳಿಬಿಡಿ. ಇಷ್ಟು ಕೇಳಿದ್ಮೇಲೆ ಅದೇನು ದೊಡ್ಡದಲ್ಲ."

"ಹೇಸಿಗೆ ಪೂರ್ತಿ ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ? ಆದ್ರೆ ಬೇಡ ಅನ್ನೋಕೆ ಬಂದವಳು... ಅಷ್ಟು ಮಾತು ಕೇಳಿಯೂ ನೀವು ಹೊಸ ತಂತಿ ಕೊಟ್ರಲ್ಲ, ಈಗ ಬಾಯೇ ಬರ್ತಿಲ್ಲ."

"ಹಾಗಾದ್ರೆ?"

"ತಂತಿ ಕಚ್ಚೋದು ಬಿಡ್ತೀರಾ?"

"ಬಿಟ್ಟೆ. ಹಲ್ಲೂ ಸವೆದು ಹೋಗಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ನಾಳೆ ತರಗತಿಗೆ ಬನ್ನಿ. ನನ್ನ ತಪ್ಪು ನಾನೇ ಮಕ್ಕಳಿಗೆ ಹೇಳಬೇಕು. ನೀವು ಪಕ್ಕದಲ್ಲಿದ್ರೆ ಧೈರ್ಯ."

"ಯಾರು ಅಂತ ಹೇಳ್ತೀರಿ ನನ್ನ?"

"ಮದುವೆ ಆಗೋರು ಅಂತ."

ಅವನ ಎಣಿಕೆ ತಪ್ಪಿತು. "ಇನ್ನೊಂದ್ಸಲ ಹೇಳಿ..."

"ನಾಳೆ," ಎಂದಳು ಮೆಲ್ಲಗೆ, "ಎಲ್ಲರ ಎದುರಿಗೆ."