ವನಜಳ ಅಂಗಳದ ಗುಂಡಿ

ಚಂದಯ್ಯ ಶೆಟ್ಟರ ಉಣ್ಣೆ ಶಾಲು ವನಜಳ ಗೊಬ್ಬರದ ಗುಂಡಿಯಿಂದ ಮೇಲೆ ಬಂದಾಗ ಕೇರಿಯವರೆಲ್ಲ ಒಟ್ಟಿಗೇ ಮಾತಾಡತೊಡಗಿದರು. ಅಂಗಡಿ ಪಾಂಡು ಅದನ್ನು ಗುದ್ದಲಿಯ ತುದಿಯಲ್ಲಿ ಎತ್ತಿ ಹಿಡಿದಿದ್ದ. ಶಾಲಿನ ಒಂದು ಮೂಲೆ ಕಪ್ಪಗಾಗಿ ಗಟ್ಟಿ ಕಟ್ಟಿತ್ತು. ಮಡಿಕೆಯೊಳಗಿಂದ ಅವರ ಕನ್ನಡಕ ಜಾರಿ ಕೆಳಗೆ ಬಿತ್ತು.

"ರಕ್ತ! ಕಾಣಿ, ನನ್ ಮಾವನ್ ರಕ್ತ!" ಎಂದು ಗುಣಪಾಲ ಕೂಗಿದ. ಅವನು ಚಂದಯ್ಯ ಶೆಟ್ಟರ ತಂಗಿಯ ಮಗ. ಗುಂಡಿ ಅಗೆಯಬೇಕೆಂದು ಬೆಳಗ್ಗಿನಿಂದ ಎಲ್ಲರಿಗಿಂತ ಜೋರಾಗಿ ಗಂಟಲು ಹರಿದುಕೊಂಡವನು ಅವನೇ. ಗುದ್ದಲಿಯನ್ನು ಮಾತ್ರ ಮುಟ್ಟಿರಲಿಲ್ಲ. ಹೆಗಲ ಮೇಲಿನ ಬೈರಾಸು ವಸ್ತ್ರದೊಳಗೆ ಕೈಯಿಟ್ಟುಕೊಂಡು ಗುಂಡಿಯ ದಂಡೆಯಲ್ಲಿ ನಿಂತಿದ್ದ.

ಸ್ನೇಹಲತಾ ಬೇಲಿಯ ಪಕ್ಕ ನಿಂತು ಮೂಗಿಗೆ ಸೆರಗು ಒತ್ತಿಕೊಂಡಿದ್ದಳು. ಅವಳ ಗಂಡನಿಗೆ ಬೊಂಬಾಯಿಯಲ್ಲಿ ಹೋಟೆಲು. ವರ್ಷಕ್ಕೊಮ್ಮೆ ಅವನು ಊರಿಗೆ ಬರುವವರೆಗೆ ಅವಳಿಗೆ ಅಡುಗೆಮನೆಯ ಕಿಟಕಿಯೇ ಲೋಕ. ಆ ಕಿಟಕಿಯಿಂದ ಪಕ್ಕದ ಚಂದಯ್ಯ ಶೆಟ್ಟರ ಅಂಗಳ, ಅದರಾಚೆಗೆ ಹೆದ್ದಾರಿಗೆ ತಾಗಿದ ವನಜಳ ಬಾಡಿಗೆ ಮನೆ, ಎರಡೂ ಕಾಣುತ್ತಿದ್ದವು. ಕೋಟದ ಆ ಕೇರಿಗೆ ಮೀನು ವ್ಯಾಪಾರದ ಹೆಂಗಸೊಬ್ಬಳು ಬಂದು ಕೂತದ್ದನ್ನು ಯಾರೂ ಅರಗಿಸಿಕೊಂಡಿರಲಿಲ್ಲ. ಅವಳ ಅಂಗಳದಲ್ಲಿ ಹೊಗೆ, ನಾತ, ತೆಂಗಿನ ಮಡಲು ಮುಚ್ಚಿದ ಗುಂಡಿ. ಗಂಡನನ್ನು ಕೊಂದು ಅಲ್ಲೇ ಹೂತಿದ್ದಾಳೆ ಎಂದು ಮೊದಲು ಸುದ್ದಿ ಹಬ್ಬಿತು. ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವ ಅವಳ ಗಂಡ, ಗುಡ್ಡ ಎಂಬವನು, ದೀಪಾವಳಿಗೆ ಬಂದು ಜಗಲಿಯಲ್ಲಿ ಕೂತು ಬೀಡಿ ಸೇದಿದಾಗಲೂ ಕೇರಿ ಸೋಲಲಿಲ್ಲ. ಇವನು ಬೇರೆಯವನು, ಕೊಂದದ್ದು ಮೊದಲಿನವನನ್ನು ಎಂದಿತು. ಆ ಮಾತನ್ನು ಮೊದಲು ಹೇಳಿದ್ದು ತಾನೇ ಇರಬೇಕೆಂದು ಸ್ನೇಹಲತಾಗೆ ಅನುಮಾನವಿತ್ತು.

ಈಗ ಅರವತ್ತೈದನೆಯ ಇಸವಿಯ ಫೆಬ್ರವರಿ. ಶನಿವಾರದಿಂದ ಚಂದಯ್ಯ ಶೆಟ್ಟರು ಕಾಣುತ್ತಿರಲಿಲ್ಲ. ಬೆಳಿಗ್ಗೆ ಎದ್ದವರೇ ಶಾಲು ಹೊದ್ದು, ಈ ನಾತಕ್ಕೆ ಒಂದು ಗತಿ ಕಾಣಿಸುತ್ತೇನೆಂದು ವನಜಳ ಮನೆ ಕಡೆ ಹೋದವರು ತಿರುಗಿ ಬರಲಿಲ್ಲ ಎಂದು ಗುಣಪಾಲ ಎಲ್ಲರಿಗೂ ಹೇಳಿದ್ದ.

ವನಜ ಮಾತ್ರ ಹಿಂದೆ ಸರಿದಿರಲಿಲ್ಲ. ಕಿತ್ತು ಬಿದ್ದ ಬೇಲಿಯ ಮೇಲೆ ಕಾಲಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಅದ್ ಮೀನಿನ್ ಗೊಬ್ರದ್ ಗುಂಡಿ. ತೆಂಗಿನ್ ಬುಡಕ್ ಹಾಕೂದ್. ನಾ ಇಲ್ಲಿಗ್ ಬಂದ್ ವರ್ಷ ಆಯ್ತ್. ಅದೆಂತ ಅಂದ್ ನಿಮ್ಮಗೆ ಒಬ್ರಾರೂ ಬಂದ್ ಕೇಂಡ್ರಾ?"

"ಕೊಲೆಗಾರ್ತಿ ಹತ್ರ ಕೇಣೂದೆಂತ!" ಎಂದ ಪಾಂಡು. "ಹ್ವಾಯ್ ದಫೇದಾರ್ರೇ, ಇವ್ಳನ್ನ್ ಕಟ್ಕಂಡ್ ಹೋಯ್ನಿ."

ದಫೇದಾರ ಮಂಜಯ್ಯ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಅವನಿಗೂ ವನಜಳಿಗೂ ನಡುವೆ ಒಬ್ಬ ಎತ್ತರದ ಹೆಂಗಸು ಬಂದು ನಿಂತಾಗಿತ್ತು.

ಅವರು ಪ್ರಭಾವತಿ, ಸ್ನೇಹಲತಾಳ ತೀರಿಹೋದ ಅಣ್ಣನ ಹೆಂಡತಿ. ಬೊಂಬಾಯಿಯ ಒಂದು ಹೆಂಗಸರ ಜೈಲಿನಲ್ಲಿ ವಾರ್ಡನ್ ಆಗಿ ತಲೆ ನೆರೆಯುವವರೆಗೆ ದುಡಿದು ನಾದಿನಿಯ ಮನೆಗೆ ಬಂದಿದ್ದರು. ಸುಳ್ಳು ಹೇಳುವವರನ್ನೂ ಸುಳ್ಳು ಆರೋಪ ಹೊತ್ತವರನ್ನೂ ಅವರಷ್ಟು ಹತ್ತಿರದಿಂದ ಕಂಡವರು ಆ ಸೀಮೆಯಲ್ಲಿರಲಿಲ್ಲ. ಬಾರ್ಕೂರಿನ ಮದುವೆಮನೆಯಲ್ಲಿ ಮದುಮಗಳ ಒಡವೆ ಕಳೆದಾಗ, ವಂಡ್ಸೆಯಲ್ಲಿ ಒಂದು ಬಣವೆಗೆ ಬೆಂಕಿ ಬಿದ್ದಾಗ, ತಪ್ಪಿತಸ್ಥರನ್ನು ಹಿಡಿದುಕೊಟ್ಟವರು ಅವರೇ. ಹಾಗಾಗಿ ಮಂಜಯ್ಯನೂ ಅವರೆದುರು ದನಿ ತಗ್ಗಿಸುತ್ತಿದ್ದ.

"ಮಂಜಯ್ಯ, ನಂಗೆ ಸಂಜೆವರೆಗೆ ಸಮಯ ಕೊಡಿ. ಅವ್ಳ್ ಎಲ್ಲಿಗೂ ಓಡೂದಿಲ್ಲೆ. ಓಡುವವ್ಳಾದ್ರೆ ಇಷ್ಟೊತ್ತಿಗೆ ಓಡ್ತಿದ್ದಿತ್."

"ಅಕ್ಕ, ಇದ್ ಕೊಲೆ ಕೇಸ್..."

"ಅದ್ಕೇ ಕೇಂಡದ್ದ್."

ಅವರು ಬಗ್ಗಿ ಶಾಲನ್ನು ಬಿಡಿಸಿ ನೋಡಿದರು. ಮಡಲಿನ ಕೆಳಗೆ, ಗೊಬ್ಬರದ ಮೇಲುಮೇಲಕ್ಕೇ ಇತ್ತಲ್ಲವೇ ಎಂದು ಪಾಂಡುವನ್ನು ವಿಚಾರಿಸಿದರು. ಅವನು ಹೌದೆಂದ. ಉಣ್ಣೆಗೆ ಸಿಕ್ಕಿಕೊಂಡಿದ್ದ ಒಂದೆರಡು ಹಳದಿ ಎಳೆಗಳನ್ನು ಕಿತ್ತು, ಬೆರಳಲ್ಲಿ ಹೊಸಕಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ, "ವನಜಾ, ಒಂದ್ ಚಾ ಮಾಡ್. ಸ್ನೇಹಂಗೂ ಒಂದ್ ಇರ್ಲಿ" ಎಂದರು.

ಸ್ನೇಹಲತಾ ಬೇಲಿ ಬಿಟ್ಟು ಕದಲಲಿಲ್ಲ. ಆ ಮನೆಯಲ್ಲಿ ಕೇರಿಯ ಯಾರೂ ನೀರು ಮುಟ್ಟಿರಲಿಲ್ಲ.

"ಅವ್ಳ್ ಮನೆ ಚಾ ಕುಡ್ದ್ರೆ ಈ ಕೇರ್ಯಗೆ ನಿಮ್ಗೆ ನೀರೂ ಹುಟ್ಟೂದಿಲ್ಲೆ, ಹೇಳಿದ್ದೆ" ಎಂದ ಪಾಂಡು.

"ನಮ್ ಬಾವಿ ನಮ್ ಅಂಗಳದಗೇ ಇತ್ತ್ ಪಾಂಡು" ಎಂದು ಪ್ರಭಾವತಿ ಜಗಲಿ ಹತ್ತಿ ಕುಳಿತರು. ಸ್ನೇಹಲತಾ ಒಮ್ಮೆ ಕೇರಿಯವರತ್ತ ನೋಡಿದಳು, ಒಮ್ಮೆ ಅತ್ತಿಗೆಯತ್ತ. ಆಮೇಲೆ ತಾನೂ ಹತ್ತಿ ಪಕ್ಕದಲ್ಲಿ ಕುಳಿತಳು. ಅವಳಿಗೂ ಏನೋ ಒಂದು ಹಟ ಬಂದಿತ್ತು.

ಮಧ್ಯಾಹ್ನ ತಿರುಗಿತ್ತು. ಜಗಲಿಗೆ ಎದುರಾಗಿ ಚಂದಯ್ಯ ಶೆಟ್ಟರ ಅಂಗಳ, ಅದರಾಚೆ ತೆಂಗಿನ ಸಾಲು, ಕಡಲು. ಕಡಲ ಗಾಳಿ ಎದ್ದು ನೇರ ಮುಖಕ್ಕೆ ಬೀಸಿತು. ಅದರ ಜೊತೆಗೇ ಕೊಳೆತ ನಾತ. ಸ್ನೇಹಲತಾ ಮೂಗು ಮುಚ್ಚಿ, ಬೆನ್ನ ಹಿಂದೆ ಹೆದ್ದಾರಿ ಕಡೆಗಿದ್ದ ಗುಂಡಿಯತ್ತ ತಿರುಗಿ ಮುಖ ಸಿಂಡರಿಸಿದಳು. ಪ್ರಭಾವತಿ ಮೂಗು ಮುಚ್ಚಲಿಲ್ಲ. ಹಾರಿಹೋಗುತ್ತಿದ್ದ ಸೆರಗನ್ನು ಹಿಡಿದುಕೊಂಡು ಚಾ ಮುಗಿಸಿದರು.

"ಚಂದಯ್ಯಣ್ಣ ಶನಿವಾರ ನಿನ್ನೊಟ್ಟಿಗೆ ಜಗಳಕ್ಕೆ ಬಂದದ್ದ್ ಹೌದಾ?"

"ಅವ್ರ್ ಶನಿವಾರ ಬರ್ಲೇ ಇಲ್ಲ ಅಮ್ಮ. ಬಂದಿದ್ರೂ ಜಗಳಕ್ಕಲ್ಲ. ಅವ್ರ ತೆಂಗಿನ್ ಬುಡ ಕಂಡ್ಕಂಡ್ ಬನ್ನಿ, ನಿಮ್ಗೇ ಗೊತ್ತಾತ್ತ್" ಎಂದಳು ವನಜ. ಲೋಟ ಎತ್ತಿಕೊಳ್ಳುತ್ತ ಸೇರಿಸಿದಳು: "ಈ ಕೇರ್ಯಗೆ ನನ್ನನ್ನ್ ಹೆಸ್ರ್ ಹಿಡ್ದ್ ಕರೀತಿದ್ದದ್ದ್ ಅವ್ರೊಬ್ರೇ."

ಅತ್ತಿಗೆ ನಾದಿನಿ ಇಬ್ಬರೂ ಚಂದಯ್ಯ ಶೆಟ್ಟರ ಹಿತ್ತಲಿಗೆ ಹೋದರು. ತೆಂಗಿನ ಬುಡದ ಪಾತಿಗಳಲ್ಲಿ ಗೊಬ್ಬರ ತುಂಬಿತ್ತು. ಬಿಸಿಲಿಗೆ ಅದರಲ್ಲಿ ಮೀನಿನ ಹುರುಪೆಗಳು ಬೆಳ್ಳಿಯ ಚೂರುಗಳಂತೆ ಮಿನುಗುತ್ತಿದ್ದವು.

ಅಷ್ಟರಲ್ಲಿ ಗುಣಪಾಲ ಬಂದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಕೇಳಿದ್ದಕ್ಕೆ ಲಾಟೀನಿನ ಗಾಜು ತಾಗಿ ಸುಟ್ಟಿತೆಂದ. ಅವನು ಬೊಂಬಾಯಿಯಿಂದ ಊರಿಗೆ ಬಂದು ಕೆಲವೇ ತಿಂಗಳಾಗಿತ್ತು. ಹೆದ್ದಾರಿಗೆ ತಾಗಿದ ಮಾವನ ಜಾಗದಲ್ಲಿ, ವನಜ ಬಾಡಿಗೆಗಿದ್ದ ಮನೆಯನ್ನು ಕೆಡವಿ, ಬಸ್ಸುಗಳು ನಿಲ್ಲುವಂಥ ದೊಡ್ಡ ಹೋಟೆಲು ಕಟ್ಟುತ್ತೇನೆಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ.

ಸ್ನೇಹಲತಾಗೆ ತನ್ನದೇ ಒಂದು ದೂರಿತ್ತು. ಅಂಗಳದಲ್ಲಿ ಬಣವೆಯಾಗಿ ಒಟ್ಟಿದ್ದ ಹುಲ್ಲಿನ ಕುತ್ರಿಯತ್ತ ಕೈ ತೋರಿಸಿದಳು. "ಅಲ್ಲ ಗುಣಪಾಲ, ಹಟ್ಟಿ ಹತ್ರ ಇದ್ದ ಕುತ್ರಿ ತಂದ್ ಈ ಮೂಲಿಗೆ ಹಾಕೀಯಲ್ಲ, ಶನಿವಾರ ಬೆಳಿಗ್ಗೆ ಎದ್ದಲ್ಲಿಂದ ನಮ್ ಕಿಟ್ಕಿಗೆ ಎಂತದೂ ಕಾಂಬುದಿಲ್ಲೆ. ಆಳ್‌ಗಳಿಗೆ ಹೇಳಿ ಬದ್ಲ್ ಮಾಡ್ಸ್."

"ಹಳೇ ಜಾಗಕ್ಕೆ ಗೆದ್ದಲ್ ಹಿಡ್ದಿತ್ ಸ್ನೇಹಕ್ಕ. ಆಳ್ ಎಲ್ಲಿ ಸಿಕ್ತೊ? ನಾನೇ ಹಾಕದ್ದ್."

ಪ್ರಭಾವತಿ ಕುತ್ರಿಯಿಂದ ಒಂದು ಹಿಡಿ ಹುಲ್ಲು ಎಳೆದು ನೋಡಿದರು. ದನದ ಹಟ್ಟಿಯ ಬಳಿ ಹೋಗಿ ಹಳೆಯ ಜಾಗವನ್ನೂ ನೋಡಿದರು. ಆಮೇಲೆ ಮನೆಗೆ ನಡೆದರು.

ಸಂಜೆ ಕೇರಿಯವರೆಲ್ಲ ಚಂದಯ್ಯ ಶೆಟ್ಟರ ಅಂಗಳದಲ್ಲಿ ಸೇರಬೇಕೆಂದು ಮಂಜಯ್ಯನ ಮೂಲಕ ಹೇಳಿಕಳಿಸಿದರು. ವನಜಳೂ ಬಂದಳು. ಅವಳು ಬಂದೊಡನೆ ಹೆಂಗಸರು ಪಕ್ಕಕ್ಕೆ ಸರಿದರು. ಸ್ನೇಹಲತಾ ಮಾತ್ರ ಇದ್ದಲ್ಲೇ ನಿಂತಳು.

"ಹೇಳೂದೆಂತ ಇತ್ತ್? ಶಾಲ್ ಸಿಕ್ಕದ್ದ್ ಅವ್ಳ್ ಗುಂಡ್ಯಗೆ" ಎಂದ ಗುಣಪಾಲ.

"ಸಿಕ್ಕದ್ದ್ ಹೌದ್" ಎಂದರು ಪ್ರಭಾವತಿ. "ಆದ್ರೆ ಕೊಂದವ್ಳ್ ಅದನ್ನ್ ತನ್ ಗುಂಡ್ಯಗೇ, ಒಂದ್ ಮಡ್ಲ್ ಎತ್ತಿದ್ರೆ ಕಾಂಬ ಹಾಂಗೆ ಇಡೂದೆಂತಕ್ಕೆ? ಅವ್ಳ್ ಒಲಿಗೆ ಹಾಕಿದ್ರೆ ಯಾರಿಗೂ ಗೊತ್ತಾತಿರ್ಲಿಲ್ಲೆ. ನಾಲ್ಕ್ ಜನ ಕಾಣ್ಕ್ ಅಂದ್ಹೇಳಿ ಇಟ್ಟದ್ದ್ ಅದ್. ಆ ಗುಂಡಿ ಅಗೀಕ್ ಅಂದ್ ಮೊದ್ಲ್ ಹೇಳದ್ದ್ ಯಾರ್ ಪಾಂಡು?"

ಪಾಂಡು ತಲೆ ಕೆರೆದುಕೊಂಡ. "ಗುಣಪಾಲ."

"ಚಂದಯ್ಯಣ್ಣ ನಾತಕ್ಕೆ ಜಗಳ ಮಾಡುಕ್ ಹೋದ್ರ್ ಅಂದ್ ಹೇಳದ್ದೂ ಗುಣಪಾಲ. ಅವ್ರ ತೆಂಗಿನ್ ಬುಡ ಹೋಯಿ ಕಾಣಿ. ವನಜನ್ ಗೊಬ್ರವೇ ತುಂಬಿತ್ತ್. ತಾನೇ ತಕಂಡ್ ಹೋಯಿ ಹಾಕ್ದ ಗೊಬ್ರಕ್ಕೆ ಯಾರಾರೂ ಜಗಳ ಮಾಡ್ತ್ರಾ?"

ಅವರು ಸೆರಗಿನ ಗಂಟು ಬಿಚ್ಚಿ ಆ ಎಳೆಗಳನ್ನು ಮಂಜಯ್ಯನ ಅಂಗೈಗೆ ಹಾಕಿದರು. "ಶಾಲಿಗೆ ಅಂಟಿದ್ದದ್ದ್. ಬತ್ತದ್ ಹುಲ್ಲ್. ವನಜಂಗೆ ದನ ಇಲ್ಲೆ, ಹುಲ್ಲಿಲ್ಲೆ. ಹುಲ್ಲ್ ಇಪ್ಪುದ್ ಇಲ್ಲಿ." ಕುತ್ರಿಯತ್ತ ತಿರುಗಿದರು. "ಈ ಕುತ್ರಿ ಶನಿವಾರ ಜಾಗ ಬದ್ಲ್ ಮಾಡಿತ್. ನಮ್ ಸ್ನೇಹನ್ ಕಿಟ್ಕಿಗೆ ಅಡ್ಡ ಬಪ್ಪುದಕ್ಕೆ ನಮ್ಗೆ ಗೊತ್ತಾತ್. ಗುಣಪಾಲ ಗೆದ್ದಲ್ ಅಂದ. ಹುಲ್ಲಗೂ ಗೆದ್ದಲಿಲ್ಲೆ, ಹಳೇ ಜಾಗದಗೂ ಇಲ್ಲೆ. ದನ ಇಪ್ಪವ್ರ್ ಯಾರೂ ಕುತ್ರಿನ ಹಟ್ಟಿಂದ ಇಷ್ಟ್ ದೂರ ಹಾಕೂದಿಲ್ಲೆ. ಹಾಕದ್ದ್ ಹುಲ್ಲಿಗಲ್ಲ. ಹುಲ್ಲಿನ್ ಅಡಿ ಇಪ್ಪುದನ್ನ್ ಮುಚ್ಚುಕೆ."

ಅಷ್ಟರಲ್ಲಿ ಮತ್ತೆ ಗಾಳಿ ಬೀಸಿತು. ಎಲ್ಲರೂ ಅಭ್ಯಾಸಬಲದಿಂದ ಮೂಗು ಮುಚ್ಚಿ ವನಜಳ ಮನೆಯತ್ತ ನೋಡಿದರು.

"ಕಂಡ್ರ್ಯಾ?" ಎಂದರು ಪ್ರಭಾವತಿ, ಮೊದಲ ಸಲ ದನಿಯೇರಿಸಿ. "ಗಾಳಿ ಬಪ್ಪುದ್ ಕಡ್ಲಿಂದ. ವನಜನ್ ಮನೆ ಇಪ್ಪುದ್ ಹೆದ್ದಾರಿ ಬದಿಗೆ. ಅವ್ಳ್ ಗುಂಡಿ ನಾತ ಗಾಳಿಗೆ ಎದ್ರ್ ನಡ್ಕಂಡ್ ಬತ್ತಾ? ಮಧ್ಯಾಹ್ನ ನಾನ್ ಅವ್ಳ್ ಜಗ್ಲಿಯಗೆ ಕೂಕಂಡಾಗ ಗುಂಡಿ ಬೆನ್ನಿಗಿತ್ತ್, ನಾತ ಎದ್ರಿಂದ ಬಂತ್. ಈ ಕೇರ್ಯಗೆ ಎಂತ ನಾತ ಬಂದ್ರೂ ಮೀನಿನ್ ಹೆಂಗ್ಸಿನ ಮೇಲೆ ಹಾಕ್ತ್ರಿ ಅಂದ್ ಅವಂಗೆ ಗೊತ್ತಿತ್ತ್. ಆ ಧೈರ್ಯದ ಮೇಲೇ ಅವ ಇಷ್ಟೆಲ್ಲ ಮಾಡದ್ದ್."

ಅವರು ಪಾಂಡುವಿನ ಕೈಯಿಂದ ಗುದ್ದಲಿ ತೆಗೆದು ಗುಣಪಾಲನ ಮುಂದೆ ಹಿಡಿದರು. "ಅಲ್ಲಿ ಅಗೀಕ್ ಅಂದ್ಯಲ್ಲ. ಈಗ ಇಲ್ಲಿ ಅಗಿ. ಕೈ ಸುಟ್ಟದ್ದಾ, ಇಲ್ಲ ಗುದ್ಲಿ ಹಿಡ್ದ್ ಬೊಬ್ಬೆ ಬಂದದ್ದಾ? ಬಟ್ಟೆ ಬಿಚ್ಚ್, ಕಾಂಬ."

ಗುಣಪಾಲ ಸುತ್ತ ನೋಡಿದ. ಬೆಳಿಗ್ಗೆ ಅವನ ಬೆನ್ನಿಗೆ ನಿಂತು ಕೂಗಿದವರು ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಮಂಜಯ್ಯನೇ ಅವನ ಕೈ ಹಿಡಿದು ಬಟ್ಟೆ ಬಿಚ್ಚಿದ. ಅಂಗೈ ತುಂಬ ಒಡೆದ ನೀರುಗುಳ್ಳೆಗಳು. ಗುಣಪಾಲ ಅಲ್ಲೇ ಕುಸಿದು ಕುಳಿತ.

"ಜಾಗ ಕೊಡೂದಿಲ್ಲ ಅಂದ್ರ್" ಎಂದು ಗೊಣಗಿದ. "ಅವ್ಳನ್ನ್ ಎಬ್ಸೂದಿಲ್ಲ ಅಂದ್ರ್. ಸ್ವಂತ ಅಳಿಯನ್ಕಿಂತ ಆ ಮೀನಿನವ್ಳ್ ಹೆಚ್ಚಾಯ್ತಾ ಅಂದ್ ಸಿಟ್ಟ್ ಬಂತ್. ಬಡಿಗೆ ಕೈಯಗಿದ್ದಿತ್..."

ಕುತ್ರಿ ಸರಿಸಿದರು. ನೆಲ ಮೆತ್ತಗಿತ್ತು. ಹೆಚ್ಚು ಆಳಕ್ಕೆ ಹೋಗಬೇಕಾಗಲಿಲ್ಲ. ಚಂದಯ್ಯ ಶೆಟ್ಟರನ್ನು ಮೇಲೆತ್ತಿದಾಗ ಕೇರಿಯವರು ದೂರ ಸರಿದರು. ವನಜ ಒಬ್ಬಳೇ ಹತ್ತಿರ ಹೋಗಿ, ಮುಖದ ಮಣ್ಣು ಒರೆಸಿ, ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತಳು. ಸ್ನೇಹಲತಾ ಅದನ್ನು ನೋಡಲಾಗದೆ ನೆಲ ನೋಡಿದಳು.

ಮರುದಿನ ಬೆಳಿಗ್ಗೆ ಪಾಂಡು ಕೇರಿಯವರನ್ನು ಕರೆದುಕೊಂಡು ವನಜಳ ಮನೆಗೆ ಬಂದ. ಸ್ನೇಹಲತಾಳೂ ಅತ್ತಿಗೆಯೂ ಹಿಂದೆ ಬಂದರು. ಪಾಂಡು ಗಂಟಲು ಸರಿಮಾಡಿಕೊಂಡು, ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದ: "ಆದದ್ದ್ ಆಯ್ತ್ ವನಜಾ. ನಾವೆಲ್ಲ ಮಾತಾಡ್ಕಂಡಿತ್. ನೀ ಇಲ್ಲೇ ಇರ್ಲಕ್ಕ್."

ಒಲೆಯ ಮೇಲೆ ಬೈಗೆ ಎಂಬ ಬೂತಾಯಿ ಮೀನಿನ ಎಣ್ಣೆ ಕುದಿಸುತ್ತಿದ್ದ ವನಜ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಇರ್ಲಕ್ಕಾ? ನಾನ್ ಇರ್ಕಾ ಬೇಡ್ದಾ ಅಂದ್ ನಿಮ್ಮತ್ರ ಯಾರ್ ಕೇಂಡದ್ದ್? ನಾನ್ ಹೋತೆ ಅಂದ್ ಯಾರ್ ಹೇಳದ್ದ್?" ಅಂಗಳದತ್ತ ಸೌಟು ತೋರಿಸಿದಳು. ಅಗೆದು ರಾಶಿ ಹಾಕಿದ ಮಣ್ಣು, ಚೆಲ್ಲಿದ ಗೊಬ್ಬರ, ಮುರಿದ ಬೇಲಿ ಹಾಗೇ ಬಿದ್ದಿದ್ದವು. "ಅಗ್ದದ್ದ್ ನೀವ್. ಮುಚ್ಚೂದೂ ನೀವೇ. ಬೇಲಿನೂ ಕಟ್ಕ್. ಮಾತಾಡುದೆಲ್ಲ ಅದಾದ್ ಮೇಲೆ."

ಪಾಂಡುವಿನ ಮುಖ ಕೆಂಪಾಯಿತು. ಒಬ್ಬಿಬ್ಬರು ಹೊರಡಲು ತಿರುಗಿದರು. ಪ್ರಭಾವತಿ ದಾರಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೇ ನೋಡಿದರು. ತಿರುಗಿದವರು ನಿಂತರು.

ಸ್ನೇಹಲತಾ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೋಡೆಗೆ ಒರಗಿಸಿಟ್ಟ ಗುದ್ದಲಿ ತೆಗೆದುಕೊಂಡು ರಾಶಿಯ ಬಳಿ ಹೋಗಿ ಮಣ್ಣೆಳೆಯತೊಡಗಿದಳು. ಮದುವೆಯಾದ ಮೇಲೆ ಅವಳು ಗುದ್ದಲಿ ಹಿಡಿದದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಪಾಂಡುವೂ ಬಗ್ಗಿದ, ಆಮೇಲೆ ಉಳಿದವರು.

ವನಜ ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ಸಾಕು ಎನ್ನಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಬೆವರು ಒರೆಸಿಕೊಳ್ಳಲು ಸ್ನೇಹಲತಾ ತಲೆಯೆತ್ತಿದಾಗ ಇಬ್ಬರ ಕಣ್ಣೂ ಕೂಡಿದವು.

"ಆ ಮೂಲಿ ಇನ್ನೂ ತಗ್ಗಿತ್ತ್" ಎಂದಳು ವನಜ.

ಸ್ನೇಹಲತಾ ಆ ಮೂಲೆಗೆ ಹೋಗಿ ಮಣ್ಣೆಳೆದಳು.