ಮೂರು ಲಿನಕ್ಸ್, ನಾಲ್ಕು ಭಾನುವಾರ

"ವಿಂಡೋಸ್ ಬದಲು ಲಿನಕ್ಸ್ ಹಾಕಿದ್ರೆ ಈ ಆಟ ಓಡುತ್ತೇನ್ರೀ?" ಎಂದು ಅವಳು ಕೇಳಿದಾಗ ರಿಪೇರಿಯವನು 'ಇಲ್ಲ' ಅನ್ನಬೇಕಿತ್ತು. ಆ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳು ಅವನ ಸ್ಕ್ರೂಡ್ರೈವರಿನಿಂದಲೇ ಹಣೆಯ ಕೂದಲು ಹಿಂದಕ್ಕೆ ಸರಿಸಿ, ಅವನನ್ನೇ ನೋಡಿದಳು.

"ಯಾವ ಡಿಸ್ಟ್ರೋ, ಅಂದ್ರೆ ಯಾವ ಬಗೆಯ ಲಿನಕ್ಸ್, ಹಾಕ್ತೀವಿ ಅನ್ನೋದರ ಮೇಲಿದೆ" ಎಂದುಬಿಟ್ಟ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳ ಅಣ್ಣ ಹಡಗಿನ ಇಂಜಿನಿಯರ್. ದೂರದ ಬಂದರಿನಲ್ಲಿ ಅವನಿಗೆ ಒಂದು ತಿಂಗಳ ತರಬೇತಿ; ಆಮೇಲೆ ಹಡಗು ಹತ್ತಿದರೆ ಎಂಟು ತಿಂಗಳು ನೆಟ್ ಸಿಗುವುದು ಅಷ್ಟಕ್ಕಷ್ಟೆ. ಫೋನಿನಲ್ಲಿ 'ಊಟ ಆಯ್ತಾ' ಮುಗಿದರೆ ಅಣ್ಣ ತಂಗಿಗೆ ಮಾತೇ ಸಾಗದು. ಭಾನುವಾರ ನಾಲ್ಕಕ್ಕೆ ಒಂದು ಆನ್‌ಲೈನ್ ಆಟದಲ್ಲಿ ಸೇರಿ, ಶತ್ರುಗಳಿಗೆ ಗುಂಡು ಹಾರಿಸುತ್ತಾ ಹಾರಿಸುತ್ತಾ ಮನಸ್ಸು ಬಿಚ್ಚುತ್ತಿದ್ದರು. ಈಗ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಕೆಟ್ಟು ಕೂತಿತ್ತು.

ಮೋಸ ಹಿಡಿಯಲು ಆ ಆಟದೊಳಗೊಂದು ಕಾವಲು ಪ್ರೋಗ್ರಾಂ ಇದೆ. ಲಿನಕ್ಸ್ ಕಂಡರೆ ಅದು ಬಾಗಿಲು ಹಾಕುತ್ತದೆ, ಡಿಸ್ಟ್ರೋ ಯಾವುದಾದರೇನು. ರಿಪೇರಿಯವನಿಗೆ ಇದು ಚೆನ್ನಾಗಿ ಗೊತ್ತು. ಹಳೇ ವಿಂಡೋಸನ್ನೇ ಮತ್ತೆ ಕೂರಿಸಿದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಕೆಲಸ ಮುಗಿದರೆ ಆ ಮನೆಗೆ ಮತ್ತೆ ಹೋಗಲು ನೆಪವೆಲ್ಲಿ?

ಮೊದಲ ಭಾನುವಾರ ಮಿಂಟ್ ಎಂಬ ಲಿನಕ್ಸ್ ಹಾಕಿದ. "ಸಾಧು ಹಸು ಇದು, ಯಾರನ್ನೂ ಹಾಯಲ್ಲ." ಆಟ ತೆರೆದರೆ 'ಪ್ರವೇಶವಿಲ್ಲ' ಎಂಬ ಕೆಂಪಕ್ಷರ. ಎರಡನೇ ವಾರ ಫೆಡೋರಾ. "ಇದರಲ್ಲಿ ಗ್ರಾಫಿಕ್ಸ್ ಡ್ರೈವರ್‌ಗಳು ಹೊಸವು." ಅದೇ ಕೆಂಪಕ್ಷರ. ಮೂರನೇ ವಾರ ಬಾಝೈಟ್. "ಇದನ್ನ ಆಟಕ್ಕೆ ಅಂತಲೇ ಮಾಡಿದಾರೆ."

ಸುಳ್ಳಲ್ಲ. ಆ ಆಟವೊಂದು ಬಿಟ್ಟು ಬೇರೆ ಆಟಗಳು ಬೆಣ್ಣೆಯಂತೆ ಓಡಿದವು. ಭುಜಕ್ಕೆ ಭುಜ ತಾಗಿಸಿಕೊಂಡು ಇಬ್ಬರೂ ಕಾರ್ ರೇಸಿಗೆ ಕೂತರು.

"ಗುದ್ದಬೇಡ್ರೀ!" ಎಂದ ಅವನು.

"ಅಡ್ಡ ಬಂದಿದ್ದು ನೀವು. ನಿಮ್ಮ ಕಣ್ಣು ಪರೀಕ್ಷೆ ಮಾಡ್ಬೇಕು, ರೋಡ್ ಬಿಟ್ಟು ಎಲ್ಲೆಲ್ಲೋ ನೋಡ್ತಿವೆ."

ಅವನ ಕಿವಿ ಬಿಸಿಯಾಯಿತು. ಟೀ ತಂದ ಅವಳ ಅಮ್ಮ ನಕ್ಕರು. "ವಾರವಾರ ಬರ್ತೀಯಲ್ಲಪ್ಪಾ, ಈ ಡಬ್ಬಕ್ಕೇನು ಬಾಣಂತನ ಮಾಡ್ತಿದೀಯಾ?"

ಫೋನ್ ಹೊಡೆದುಕೊಂಡಿತು. "ಇವತ್ತೂ ಆಗ್ಲಿಲ್ಲ ಕಣೋ ಅಣ್ಣಾ. ಮುಂದಿನ ವಾರ ಖಂಡಿತ" ಎಂದವಳು ಅವನತ್ತ ತಿರುಗಿದಳು. "ಆಗುತ್ತಲ್ವಾ?"

ಅವನು ತಲೆಯಾಡಿಸಿದ.

ಹಾಗೆ ತಲೆಯಾಡಿಸಿದ್ದು ವಾರವೆಲ್ಲಾ ಅವನನ್ನು ಚುಚ್ಚಿತು. ನಾಲ್ಕನೇ ಭಾನುವಾರ ಹಳೇ ವಿಂಡೋಸಿನ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಎಲ್ಲ ಹೇಳಿಬಿಡುವುದೆಂದು ಬೆಳಿಗ್ಗೆಯೇ ಹೋದ.

ಅವಳು ಬಾಗಿಲಲ್ಲೇ ಫೋನ್ ಮುಂದೆ ಹಿಡಿದಳು. "ಅಣ್ಣ ಕಳಿಸಿದ್ದು. ಯಾವ ಲಿನಕ್ಸ್‌ನಲ್ಲೂ ಓಡಲ್ಲ ಅಂತ ಆಟದವರೇ ಬರೆದಿದಾರೆ. ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ದಿನದಿಂದ. ಬರ್ತಾ ಇರ್ಬೇಕು ಅನ್ನಿಸ್ತು. ನೀವಂದ್ರೆ ನಂಗೆ..."

"ಕಣ್ಣು ನೋಡೋದೇ ನನ್ನ ಕಸುಬು ಕಣ್ರೀ. ನಿಮ್ಮ ಮನಸ್ಸು ಎರಡನೇ ವಾರಕ್ಕೇ ತಿಳೀತು." ಅವಳ ದನಿ ಒಡೆಯಿತು. "ಯಾವ ಕೆಲಸವೂ ಇಲ್ದೆ ಸುಮ್ನೆ ಬಂದು ಬೆಲ್ ಮಾಡಿದ್ರೂ ಬಾಗಿಲು ತೆಗೀತಿದ್ದೆ."

ಅವನು ಪೆನ್‌ಡ್ರೈವ್ ತೋರಿಸಿದ. "ಇವತ್ತು ನಾಲ್ಕಕ್ಕೆ ಖಂಡಿತ ಓಡುತ್ತೆ."

"ಹಡಗು ಬೇಗ ಹೊರಟ್ಬಿಡ್ತು. ಅಣ್ಣ ನಿನ್ನೆಯೇ ಹತ್ತಿದ." ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಆದ್ರೂ ಹಾಕಿ."

ಹಾಕಿದ. ಮಧ್ಯಾಹ್ನದ ಹೊತ್ತಿಗೆ ಆಟ ಮೊದಲ ಸಲಕ್ಕೇ ತೆರೆದುಕೊಂಡಿತು. ಮೂಲೆಯಲ್ಲಿ ಅವಳ ಅಣ್ಣನ ಸಂದೇಶಗಳು ಸಾಲಾಗಿ ಬಂದು ಕೂತವು, ಒಂದೊಂದು ಭಾನುವಾರದ್ದು ಒಂದೊಂದು. 'ಬಾರೇ.' 'ಬಾರೇ ಕತ್ತೆ, ಕಾಯ್ತಿದೀನಿ.' 'ಒಂದು ಮಾತು ಹೇಳೋದಿತ್ತು, ಫೋನಲ್ಲಿ ಬರಲ್ಲ.' ಕೊನೆಯದು ನಿನ್ನೆಯದು. 'ಇರಲಿ ಬಿಡು, ಬಂದಮೇಲೆ ಆಡೋಣ.'

ಅವಳು ಮೂರನೆಯದನ್ನೇ ನೋಡುತ್ತಾ ಕೂತಳು. ಅವನು ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. ಹಾಕಲು ಇನ್ನೇನೂ ಉಳಿಯದಾದಾಗ ಕೇಳಿದ, "ಮತ್ತೆ ಬರಲಾ?"

ಅಡುಗೆಮನೆಯಿಂದ ಅಮ್ಮ ಕೂಗಿದರು. "ಇಬ್ಬರಿಗೂ ಟೀ ಇಡ್ಲೇನೇ?"

"ನನಗೊಂದೇ ಸಾಕಮ್ಮಾ" ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಅವರ ಕೆಲಸ ಮುಗೀತು."